ಹೊಸ್ತಿಲ ಮೇಲೊಂದು ಸಮತೋಲನ

ನನ್ನ ಬಲಗೈಯ ತೋರುಬೆರಳಿನ ತುದಿಯಲ್ಲಿ ವರ್ಷಕ್ಕೊಮ್ಮೆ ಒಂದು ಹಳದಿ ಕಲೆ ಮೂಡುತ್ತಿತ್ತು. ಪ್ರ್ಯಾಕ್ಟಿಕಲ್ ಪರೀಕ್ಷೆಗೆ ತಯಾರಿ ಶುರುವಾಗುವ ಚಳಿಗಾಲದಲ್ಲಿ ನೈಟ್ರಿಕ್ ಆಮ್ಲದ ಬಾಟಲಿಯನ್ನು ಎಷ್ಟೇ ಜಾಗ್ರತೆಯಿಂದ ಹಿಡಿದರೂ ಅದು ತನ್ನ ಪಾಲಿನ ಒಂದು ಹನಿಯನ್ನು ನನಗೆ ಕೊಟ್ಟೇ ಕೊಡುತ್ತಿತ್ತು. ತಾಗಿದ ಜಾಗ ಮೊದಲು ಚುರುಗುಟ್ಟಿ, ಆಮೇಲೆ ಹಳದಿಗಟ್ಟಿ, ಸಾಬೂನಿಗೆ ಬಗ್ಗದೆ ಹುಣಸೆಹಣ್ಣಿಗೆ ಜಗ್ಗದೆ, ಹಳೆಯ ಚರ್ಮ ಸುಲಿದು ಹೊಸದು ಬರುವವರೆಗೂ ಹಾಗೆಯೇ ಉಳಿಯುತ್ತಿತ್ತು. ಊರಿಗೆ ಹೋದರೆ ನನ್ನ ಆಯಿ, ಎಂದರೆ ಅಮ್ಮ, ಆ ಬೆರಳನ್ನು ಬೆಳಕಿಗೆ ಹಿಡಿದು, "ಎಂತ ಆತೆ ಕೂಸೆ? ಅರಿಶಿನ ಅಲ್ದನೆ ಇದು?" ಎಂದು ಕೇಳುತ್ತಿದ್ದಳು. ಆಸಿಡ್ಡು ಎಂದರೆ, "ಅಯ್ಯೋ, ಕೈ ಸುಟ್ಕಂಬಲೆ ಸಂಬಳ ಬೇರೆ ಕೊಡ್ತ್ವಡ!" ಎಂದು ನಗುತ್ತಿದ್ದಳು.

ನಾನು ಸಿದ್ದಾಪುರದ ಒಂದು ಜೂನಿಯರ್ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ತೊಂಬತ್ತರ ದಶಕ ಅರ್ಧ ಕಳೆದಿತ್ತು. ನಮ್ಮ ಸೀಮೆಯಲ್ಲಿ ರಸಾಯನ ಎಂದೊಡನೆ ಬಾಯಲ್ಲಿ ನೀರೂರುವುದು ಬಾಳೆಹಣ್ಣು, ಕಾಯಿಹಾಲು, ಬೆಲ್ಲ ಸೇರಿಸಿ ಮಾಡಿದ ಸಿಹಿಗೆ; ಅದರ ಮುಂದೆ ಶಾಸ್ತ್ರ ಎಂದು ಸೇರಿಸಿದ ಕೂಡಲೇ ಅದೇ ಬಾಯಿ ಒಣಗುತ್ತದೆ. ಆ ಒಣಗಿದ ಬಾಯಿಗಳ ಮುಂದೆ ದಿನವೂ ನಿಲ್ಲುವುದು ನನ್ನ ಉದ್ಯೋಗವಾಗಿತ್ತು. ಮಕ್ಕಳಿಗೆ ಕುತೂಹಲ ಇಲ್ಲವೆಂದಲ್ಲ. ನನ್ನ ಬೆರಳಿನ ಕಲೆ ಯಾವುದು, ಅದು ಯಾಕೆ ಹೋಗುವುದಿಲ್ಲ, ಬೇರೆ ಆಸಿಡ್ಡಿಗೆ ಯಾಕೆ ಹಳದಿಯಾಗುವುದಿಲ್ಲ ಎಂದು ಜಗುಲಿಯಲ್ಲಿ ಸುತ್ತುಗಟ್ಟಿ ಕೇಳುತ್ತಿದ್ದರು. ಅವೇ ಮಕ್ಕಳು ಗಂಟೆ ಹೊಡೆದು ಬೆಂಚಿನ ಮೇಲೆ ಕೂತರೆ, "ಎನಿ ಡೌಟ್ಸ್?" ಎಂಬ ನನ್ನ ಎರಡು ಮಾತಿಗೆ ತಲೆ ತಗ್ಗಿಸಿಬಿಡುತ್ತಿದ್ದರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರು. ಇಲ್ಲಿ ಪುಸ್ತಕ, ಪಾಠ, ಪರೀಕ್ಷೆ ಎಲ್ಲವೂ ಇಂಗ್ಲಿಷು. ಸಂದೇಹ ಹುಟ್ಟುತ್ತಿದ್ದದ್ದು ಒಂದು ಭಾಷೆಯಲ್ಲಿ, ಅದನ್ನು ಕೇಳಬೇಕಾದದ್ದು ಇನ್ನೊಂದರಲ್ಲಿ. ನಡುವಿನ ಹೊಳೆ ದಾಟಲು ಸಂಕವಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವರು ಸುಮ್ಮನಿರುತ್ತಿದ್ದರು. ಬಣ್ಣ ಕೆಟ್ಟಾಗಲೇ ಏನೋ ನಡೆದಿದೆ ಎಂದು ತಿಳಿಯುವ ಶಾಸ್ತ್ರವನ್ನು ನಾನು ಅಂಥವರಿಗೆ ಕಲಿಸಬೇಕಿತ್ತು ನೋಡಿ.

ಆ ವರ್ಷ ಪ್ರಥಮ ಪಿಯುಸಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಹೆಸರು ಈರಪ್ಪ ನಾಯ್ಕರು. ಊರು ದೊಡ್ಮನೆಗೂ ಆಚೆ, ಗದ್ದೆ ಬೇಸಾಯದ ಮನೆತನ. ಅವರ ಮಗಳು ನಾಗವೇಣಿ ನನ್ನ ತರಗತಿಯ ಮೂರನೆಯ ಬೆಂಚಿನ ಗೋಡೆಬದಿಯ ಹುಡುಗಿ. ಅವಳ ದನಿ ಹೇಗಿದೆಯೆಂದು ಹಾಜರಿಯ ಹೊತ್ತಿನಲ್ಲಿ ಬಿಟ್ಟರೆ ನನಗೆ ಗೊತ್ತಿರಲಿಲ್ಲ. ಅವಳು ಉಳಿದೆಲ್ಲದರಲ್ಲಿ ಪಾಸಾಗಿ ರಸಾಯನಶಾಸ್ತ್ರದಲ್ಲಿ ಮಾತ್ರ ನಪಾಸಾಗಿದ್ದಳು.

"ಓದುದು ಬೇಡ ಅಂತಲ್ಲ ಮೇಡಂ," ಎಂದರು ನಾಯ್ಕರು, ಲ್ಯಾಬಿನ ಬಾಗಿಲಲ್ಲೇ ನಿಂತು. "ನಮ್ಮ ಕೇರಿಯಿಂದ ಸೈನ್ಸಿಗೆ ಬಂದವಳು ಇವಳೊಬ್ಬಳೇ. ಎಲ್ಲರ ಕಣ್ಣೂ ಇವಳ ಮೇಲೆ. ನಪಾಸಾದ್ರೆ ನಾಳೆ ಇನ್ನೊಬ್ಬರ ಮನೆ ಹುಡುಗೀನೂ ಕಳ್ಸುದಿಲ್ಲ. ಆರ್ಟ್ಸಿಗೆ ಹಾಕ್ಬಿಡಿ, ಅದಾದ್ರೂ ಪಾಸಾಗ್ಲಿ."

ನಾಗವೇಣಿ ಅಪ್ಪನ ಹಿಂದೆ ನಿಂತಿದ್ದಳು. ನಾನು ಅವಳನ್ನೇ ಕೇಳಿದೆ, ನಿನಗೆ ಯಾವುದು ಬೇಕು ಎಂದು. ಅವಳು ನೆಲ ನೋಡುತ್ತ, "ನಂಗೆ ಇದೇ ಬೇಕು. ಆದ್ರೆ ಗೊತ್ತಾಗ್ದೇ ಇದ್ದದ್ದು ಕೇಳೂಕೆ ಬರುದಿಲ್ಲ," ಎಂದಳು.

ಗೊತ್ತಾಗುವುದಿಲ್ಲ ಎಂದು ಅವಳು ಹೇಳಲಿಲ್ಲ. ಕೇಳಲು ಬರುವುದಿಲ್ಲ ಎಂದಳು. ಆ ಮಾತು ನನ್ನೊಳಗೆ ಎಲ್ಲೋ ಹೋಗಿ ಕಚ್ಚಿಕೊಂಡಿತು. ನಾಯ್ಕರಿಗೆ ಹೇಳಿದೆ: "ದ್ವಿತೀಯ ಪಿಯುಸಿ ಪರೀಕ್ಷೆ ತನಕ ಇವಳನ್ನು ನನ್ನ ಕೈಗೆ ಬಿಡಿ. ಆಗಲೂ ಆಗದಿದ್ದರೆ ನೀವು ಹೇಳಿದ ಹಾಗೆ." ಅವರು ಮಗಳ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, "ನಿಮ್ಮ ಮಾತಿನ ಮೇಲೆ ಬಿಟ್ಟು ಹೋಗ್ತೆ ಹಂಗಾರೆ," ಎಂದು ಮೆಟ್ಟಿಲಿಳಿದರು. ಆ ಮಾತು ಹಗುರವಾಗಿ ಬಂದರೂ ಹೊರುವುದಕ್ಕೆ ಹಗುರವಾಗಿರಲಿಲ್ಲ.

ಶನಿವಾರ ಅರ್ಧ ದಿನದ ಕಾಲೇಜು. ಮುಗಿದ ಮೇಲೆ ಒಂದು ತಾಸು ಲ್ಯಾಬಿನಲ್ಲಿ ಕೂರೋಣ, ಪಾಠ ಮಾಡುವುದಿಲ್ಲ, ಬರೀ ಪ್ರಶ್ನೆ ಎಂದು ಇಡೀ ತರಗತಿಗೆ ಹೇಳಿದೆ. ಯಾವ ಮಾತಿನಲ್ಲಾದರೂ ಕೇಳಬಹುದು, ಮನೆಯಲ್ಲಿ ಆಡುವ ಮಾತಾದರೆ ಇನ್ನೂ ಒಳ್ಳೆಯದು. ನಗುವವರು ಮುಂದಿನ ಪ್ರಶ್ನೆಯನ್ನು ತಾವೇ ಕೇಳಬೇಕು. ನಾನು ಮೇಜಿನ ಹಿಂದೆ ನಿಲ್ಲದೆ ಅವರ ಜೊತೆ ಸ್ಟೂಲಿನ ಮೇಲೆ ಕೂತೆ. ಮೊದಮೊದಲ ಶನಿವಾರಗಳು ಮೌನದಲ್ಲೇ ಕಳೆದವು. ಕಿಟಕಿಯಾಚೆ ಹೋಗುವ ಬಸ್ಸಿನ ಸದ್ದನ್ನು ಎಲ್ಲರೂ ಬಹಳ ಗಮನವಿಟ್ಟು ಕೇಳುತ್ತಿದ್ದರು.

ಕೊನೆಗೊಂದು ದಿನ ಮೂರನೆಯ ಬೆಂಚಿನ ಹುಡುಗಿಯೇ ಬಾಯಿ ತೆರೆದಳು.

"ಮೇಡಂ, ಮೋಲ್ ಅಂದ್ರೆ ಎಂತ?"

ಯಾರೋ ಹಿಂದಿನಿಂದ, "ಮೊಲ ಕಂಡಿಲ್ವನಾ?" ಎಂದರು. ಲ್ಯಾಬು ಗೊಳ್ಳೆಂದಿತು. ನಾಗವೇಣಿಯ ಕಿವಿ ಕೆಂಪಾಯಿತು. ನನಗೂ ನಗು ಬಂದಿತ್ತು. ಆದರೆ ಆ ಪ್ರಶ್ನೆಯ ಬೆಲೆ ಗೊತ್ತಿತ್ತು. ಪಿಯುಸಿ ಮೆಟ್ಟಿಲು ಹತ್ತಿದ ಪ್ರತಿಯೊಂದು ಮಗುವೂ ಒಳಗೊಳಗೇ ಕೇಳಿಕೊಳ್ಳುವ, ಕೇಳದೆಯೇ ಹೊರಟುಹೋಗುವ ಪ್ರಶ್ನೆ ಅದು. ಪುಸ್ತಕದ ವ್ಯಾಖ್ಯೆಯನ್ನು ಉರು ಹೊಡೆದವರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸುತ್ತಾರೆಯೇ ಹೊರತು ಮೊಲವನ್ನು ಕಂಡಿರುವುದಿಲ್ಲ.

"ಮೋಲ್ ಅಂದರೆ ಒಂದು ಎಣಿಕೆ ಅಷ್ಟೇ," ಎಂದೆ. "ಡಜನ್ ಬಾಳೆಹಣ್ಣು ಅನ್ನುವುದಿಲ್ಲವೆ, ನೂರು ತೆಂಗಿನಕಾಯಿ ಅನ್ನುವುದಿಲ್ಲವೆ, ಹಾಗೆ. ಕಣ್ಣಿಗೆ ಕಾಣದಷ್ಟು ಸಣ್ಣದನ್ನು ಎಣಿಸಬೇಕಲ್ಲ, ಅದಕ್ಕೇ ಈ ಎಣಿಕೆ ಊಹೆಗೆ ನಿಲುಕದಷ್ಟು ದೊಡ್ಡದು. ನೂರು ನಿಂಬೆಹಣ್ಣು, ನೂರು ಮೋಸಂಬಿ ತೂಗಿದರೆ ತೂಕ ಒಂದೇ ಬರುತ್ತದಾ?"

"ಇಲ್ಲ."

"ಎಣಿಕೆ?"

"ಒಂದೇ." ಅವಳ ಕಣ್ಣು ಎಲ್ಲೋ ದೂರ ಹೋಗಿ ಬಂತು. "ಹಂಗಾರೆ ಒಂದು ಮೋಲ್ ಕಾರ್ಬನ್ ಹನ್ನೆರಡು ಗ್ರಾಂ, ಒಂದು ಮೋಲ್ ಆಕ್ಸಿಜನ್ ಪರಮಾಣು ಹದಿನಾರು ಗ್ರಾಂ ಅಂದ್ರೆ... ಕಾರ್ಬನ್ನು ನಿಂಬೆಹಣ್ಣು, ಆಕ್ಸಿಜನ್ನು ಮೋಸಂಬಿ. ಅಷ್ಟೇಯಾ?"

ಅಷ್ಟೇ ಎಂದೆ. ನಕ್ಕವರೆಲ್ಲ ಈಗ ಸುಮ್ಮನಿದ್ದರು, ಯಾಕೆಂದರೆ ಅಷ್ಟೇ ಎಂಬುದು ಅವರಿಗೂ ಆ ಗಳಿಗೆಯಲ್ಲೇ ಗೊತ್ತಾಗಿತ್ತು.

ಆಮೇಲೆ ತೂಬು ತೆಗೆದಂತಾಯಿತು. ನೀರಿಗೆ ಬಿದ್ದರೆ ಹೊತ್ತಿ ಉರಿಯುವ ಸೋಡಿಯಮ್ಮು, ಉಸಿರಿಗೆ ಸಿಕ್ಕರೆ ವಿಷವಾಗುವ ಕ್ಲೋರಿನ್ನು, ಇವೆರಡೂ ಕೂಡಿದ್ದನ್ನು ಉಪ್ಪಿನಕಾಯಿಗೆ ಸುರಿದು ತಿನ್ನುವ ನಾವು ಇನ್ನೂ ಬದುಕಿರುವುದು ಹೇಗೆ? ಮೈಲುತುತ್ತದ ಹರಳನ್ನು ಕಾಸಿದರೆ ಬೆಳ್ಳಗಾಗುತ್ತದಲ್ಲ, ನೀಲಿ ಎಲ್ಲಿಗೆ ಹೋಯಿತು, ಮತ್ತೆ ಒಂದು ಹನಿ ನೀರು ಬಿಟ್ಟರೆ ಎಲ್ಲಿಂದ ಬಂತು? ಕಬ್ಬಿಣಕ್ಕಿಂತ ಮಂಜುಗಡ್ಡೆ ಹಗುರ ಸರಿ, ತಾನೇ ಕರಗಿದ ನೀರಿಗಿಂತಲೂ ಹಗುರಾಗುವುದು ಯಾವ ನ್ಯಾಯ? ಗೆಳೆಯರೇ, ಇವಾವುವೂ ಹೊಸ ಪ್ರಶ್ನೆಗಳಲ್ಲ. ಎಲ್ಲ ಊರಿನ ಎಲ್ಲ ಕಾಲೇಜಿನ ಮಕ್ಕಳೂ ಕೇಳುವ, ಕೇಳಬೇಕೆಂದುಕೊಳ್ಳುವ ಪ್ರಶ್ನೆಗಳೇ. ಆದರೆ ಎಲೆಯಲ್ಲಿ ಬೇಯಿಸಿದ ಕೊಟ್ಟೆ ರೊಟ್ಟಿಯ ಪರಿಮಳವಿದ್ದ ಆ ಲ್ಯಾಬಿನಲ್ಲಿ, ಊಟದ ಡಬ್ಬಿ ಮುಚ್ಚಿಟ್ಟು ಕೂತ ಮಕ್ಕಳ ಬಾಯಿಂದ ಅವು ಹೊರಟಾಗ, ಅವುಗಳನ್ನು ಲೋಕದಲ್ಲಿ ಮೊದಲ ಬಾರಿ ಯಾರೋ ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಸೋಡಿಯಂ ತನಗೆ ಭಾರವಾದ ಒಂದು ಎಲೆಕ್ಟ್ರಾನನ್ನು ಕೊಟ್ಟು ಹಗುರಾಯಿತು, ಕ್ಲೋರಿನ್ ತನಗೆ ಕೊರತೆಯಾದ ಒಂದನ್ನು ಪಡೆದು ತಣ್ಣಗಾಯಿತು, ಈಗ ಎರಡಕ್ಕೂ ಹಳೆಯ ಸಿಟ್ಟಿಲ್ಲ ಎಂದರೆ, "ಮದುವೆ ಆದಂಗಾತು," ಎಂದು ಒಬ್ಬ ಹೇಳುತ್ತಿದ್ದ, "ಮದುವೆ ಆದ್ಮೇಲೆ ಸಿಟ್ಟು ಕಡಿಮೆ ಆಗ್ತು ಹೇಳಿ ನಿಂಗೆ ಯಾರು ಹೇಳಿದ್ದು?" ಎಂದು ಇನ್ನೊಬ್ಬಳು ತಿರುಗಿ ಕೇಳುತ್ತಿದ್ದಳು. ತಾಸಿನ ಕೊನೆಗೆ, ಸಿಕ್ಕ ಉತ್ತರವನ್ನು ಎಲ್ಲರೂ ಸೇರಿ ಇಂಗ್ಲಿಷಿಗೆ ತಿರುಗಿಸಿ ಹಲಗೆಯ ಮೇಲೆ ಬರೆಯುತ್ತಿದ್ದೆವು. ಅರ್ಥ ಮೊದಲು ಮನೆಗೆ ಬಂದಿದ್ದರಿಂದ ಇಂಗ್ಲಿಷು ನೆಂಟನ ಹಾಗೆ ಹಿಂದಿನಿಂದ ಬಂದು ಕೂತುಕೊಳ್ಳುತ್ತಿತ್ತು.

ನಮ್ಮ ಪ್ರಿನ್ಸಿಪಾಲರಿಗೆ ಇದು ಸರಿಕಾಣಲಿಲ್ಲ. ಅವರು ಹಾವೇರಿ ಕಡೆಯವರು, ಶಿಸ್ತಿನ ಮನುಷ್ಯ, ಮಕ್ಕಳ ಮೇಲೆ ನಿಜವಾದ ಪ್ರೀತಿಯಿದ್ದವರು. "ನೋಡ್ರಿ ಮೇಡಂ," ಎಂದರು, "ಪೇಪರ್ ಬರೂದು ಇಂಗ್ಲಿಷ್‌ನ್ಯಾಗ. ನೀವು ಕನ್ನಡದಾಗ ಹೇಳಿಕೋತ ಕುಂತ್ರ ಹುಡುಗ್ರು ಬರಿಯೂದು ಹ್ಯಾಂಗ? ಈ ಹುಡುಗ್ರ ಸೆಕೆಂಡ್ ಪಿಯುಸಿ ರಿಜಲ್ಟ್ ನೋಡತೇನಿ. ಬರಲಿಲ್ಲ ಅಂದ್ರ ಇದನ್ನ ನಿಲ್ಲಸಬೇಕಾಗತೈತಿ." ನಾನು ಒಪ್ಪಿದೆ. ಹೀಗೆ ನನ್ನ ತಲೆಯ ಮೇಲೆ ಎರಡು ಮಾತುಗಳು ಕೂತವು, ಒಂದು ನಾಯ್ಕರದು, ಒಂದು ಪ್ರಿನ್ಸಿಪಾಲರದು.

ನಾಗವೇಣಿ ಹೇಗೋ ಪ್ರಥಮ ವರ್ಷ ದಾಟಿದಳು. ದ್ವಿತೀಯ ವರ್ಷದಲ್ಲಿ ರಾಸಾಯನಿಕ ಸಮತೋಲನದ ಪಾಠ ಬಂತು, ಅವಳು ಅಲ್ಲಿ ಸಿಕ್ಕಿಬಿದ್ದಳು. ಒಂದು ಕ್ರಿಯೆ ಮುಂದಕ್ಕೂ ನಡೆಯುತ್ತದೆ, ಹಿಂದಕ್ಕೂ ನಡೆಯುತ್ತದೆ. ಎರಡರ ವೇಗ ಸಮವಾದಾಗ ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಎನ್ನಿಸುತ್ತದೆ. ಶನಿವಾರ ಅವಳು ಕೇಳಿದಳು: "ಹಂಗಾರೆ ಅದು ನಿಂತದ್ದಾ, ನಡೀತಾ ಇಪ್ಪುದಾ?"

ಶಿರಸಿ ಬಸ್ಸನ್ನು ನೆನೆಸಿಕೋ ಎಂದೆ ನಾನು. ಪ್ರತಿ ಊರಿನಲ್ಲೂ ಇಳಿಯುವವರಿದ್ದಾರೆ, ಹತ್ತುವವರಿದ್ದಾರೆ. ಬಸ್ಸು ಮಾತ್ರ ಸದಾ ತುಂಬಿಯೇ ಇರುತ್ತದೆ. ಜನ ಬದಲಾದರು, ಲೆಕ್ಕ ಬದಲಾಗಲಿಲ್ಲ. ಈ ಉಪಮೆಯ ಮೇಲೆ ನನಗೆ ಬಹಳ ಭರವಸೆಯಿತ್ತು. ಎಲ್ಲರೂ ತಲೆಯಾಡಿಸಿದರು, ಅವಳೊಬ್ಬಳು ಆಡಿಸಲಿಲ್ಲ.

"ಬಸ್ಸಿಗೆ ಕಂಡಕ್ಟರ್ ಇರ್ತಾನೆ ಮೇಡಂ. ಎಷ್ಟು ಜನ ಇಳಿದ್ರು, ಎಷ್ಟು ಜನ ಹತ್ತಬಹುದು ಅಂತ ಅವ ನೋಡ್ತಾನೆ. ಅಣುವಿಗೆ ಯಾರು ಹೇಳ್ತಾರೆ, ಈಗ ಸಮ ಆಯ್ತು, ಇನ್ನು ಹೀಂಗೇ ಇರಿ ಅಂತ?"

ವೇಗದ ಸಮೀಕರಣ ಬರೆದು ತೋರಿಸಿದೆ. ಅವಳು ಅದನ್ನು ತಪ್ಪಿಲ್ಲದೆ ತಿರುಗಿ ಬರೆದಳು, ಲೆಕ್ಕವನ್ನೂ ಮಾಡಿದಳು, ಮತ್ತೆ ಅದೇ ಪ್ರಶ್ನೆ ಕೇಳಿದಳು. ಉತ್ತರ ಕೈಗೆ ಬಂದಿತ್ತು, ಕಣ್ಣಿಗೆ ಬಂದಿರಲಿಲ್ಲ. ಹಾಗೆ ಬಾರದೆ ಒಪ್ಪಿಕೊಳ್ಳುವ ಸ್ವಭಾವ ಅವಳದ್ದಾಗಿರಲಿಲ್ಲ. ನನಗೆ ಆತಂಕವೂ ಆಯಿತು, ಹೆಮ್ಮೆಯೂ ಆಯಿತು. ಮಾಸ್ತರಿಕೆಯಲ್ಲಿ ಇವೆರಡೂ ಒಟ್ಟಿಗೇ ಬರುವ ಅವಳಿಗಳು.

ಪರೀಕ್ಷೆಗೆ ಸ್ವಲ್ಪ ಮೊದಲು ಶಿರಸಿಯಲ್ಲಿ ಒಂದು ದಿನದ ಶಿಬಿರ ಏರ್ಪಾಟಾಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಪಿಯುಸಿ ಮಕ್ಕಳನ್ನೆಲ್ಲ ಒಂದು ಕಲ್ಯಾಣಮಂಟಪದಲ್ಲಿ ಕೂರಿಸಿ, ಧಾರವಾಡದಿಂದ ಬಂದ ಹಿರಿಯ ಪ್ರಾಧ್ಯಾಪಕರೊಬ್ಬರಿಂದ ಸಂದೇಹ ಪರಿಹಾರ ಮಾಡಿಸುವುದು. ನಾವು ಬೆಳಗಿನ ಬಸ್ಸಿಗೆ ಹೊರಟೆವು, ಪ್ರಿನ್ಸಿಪಾಲರೂ ಜೊತೆಗಿದ್ದರು. ಯಲ್ಲಾಪುರದ ಮಕ್ಕಳ ಬಸ್ಸು ಕೆಟ್ಟು ದಾರಿಯಲ್ಲಿ ನಿಂತಿದೆಯೆಂದು ಸುದ್ದಿ ಬಂತು. ಅವರಿಗಾಗಿ ಕಾಯದೆ ಕಾರ್ಯಕ್ರಮ ಶುರುವಾಯಿತು.

ಪ್ರಾಧ್ಯಾಪಕರು ಇಂಗ್ಲಿಷಿನಲ್ಲಿ ಸೊಗಸಾಗಿ ಮಾತಾಡಿದರು. ಕೊನೆಗೆ ಅವರೂ ಅದೇ ಎರಡು ಮಾತು ಕೇಳಿದರು, "ಎನಿ ಡೌಟ್ಸ್?" ಸಭಾಂಗಣ ತುಂಬ ತಲೆಗಳು ತಗ್ಗಿದವು. ಅಷ್ಟು ದೊಡ್ಡ ಊರಿನ ಅಷ್ಟು ಮಕ್ಕಳೂ ನಮ್ಮವರ ಹಾಗೆಯೇ ತಲೆ ತಗ್ಗಿಸುತ್ತಾರೆಂದು ನಾನು ಕಂಡದ್ದು ಆವತ್ತೇ.

ನಾಗವೇಣಿ ಎದ್ದು ನಿಂತಳು. ಸೆರಗಿನಂತೆ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಆದರೆ ದನಿ ನಡುಗದೆ, ಕನ್ನಡದಲ್ಲಿ ಕೇಳಿದಳು: "ಸರ್, ಸಮತೋಲನ ಆಯ್ತು ಅಂತ ಅಣುಗಳಿಗೆ ಯಾರು ಹೇಳ್ತಾರೆ?"

ನಗು ಮುಂದಿನ ಸಾಲಿನಲ್ಲಿ ಹುಟ್ಟಿ ಹಿಂದಿನ ಗೋಡೆಗೆ ಹೋಗಿ ಬಡಿಯಿತು. ನಮ್ಮ ಪ್ರಿನ್ಸಿಪಾಲರು ಕುರ್ಚಿಯಲ್ಲಿ ಸಣ್ಣಗಾದರು. ನನಗೆ ಎದ್ದು ಅವಳ ಪಕ್ಕ ನಿಲ್ಲಬೇಕೆನ್ನಿಸಿತು. ಆದರೆ ನಗದ ಒಬ್ಬರಿದ್ದರು, ಆ ಪ್ರಾಧ್ಯಾಪಕರು. ಅವರು ಕೈಯೆತ್ತಿ ಸಭೆಯನ್ನು ಸುಮ್ಮನಾಗಿಸಿ, ಹಲಗೆಯ ಕಡೆ ತಿರುಗಿದರು. ಪದಾರ್ಥ ಹೆಚ್ಚಿದ್ದಾಗ ಕ್ರಿಯೆಯ ವೇಗ ಹೆಚ್ಚು, ಅದು ಖರ್ಚಾದಂತೆ ವೇಗ ಕಡಿಮೆ. ಉತ್ಪನ್ನ ಹೆಚ್ಚಿದಂತೆ ಹಿಂದಿರುಗುವ ವೇಗ ಹೆಚ್ಚು ಎಂದು ನಿಧಾನವಾಗಿ, ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳಿದರು. ಅಷ್ಟರಲ್ಲಿ ಊಟದ ಗಂಟೆಯಾಯಿತು. "ಉತ್ತರ ಪೂರ್ತಿ ಆಗಿಲ್ಲವ್ವಾ, ಊಟ ಆದಮ್ಯಾಲೆ ನೋಡೂಣು," ಎಂದು ಅವರು ಅವಳಿಗೆ ಹೇಳಿದ್ದು ನನಗೆ ಕೇಳಿಸಿತು.

ಊಟ ಹೊರಗಿನ ಅಂಗಳದ ಚಪ್ಪರದಲ್ಲಿ. ಸಭಾಂಗಣಕ್ಕೂ ಅಂಗಳಕ್ಕೂ ನಡುವೆ ಎರಡು ಕದದ ಒಂದು ಬಾಗಿಲು, ಅದರಲ್ಲಿ ಒಂದು ಕದ ಮಾತ್ರ ತೆರೆದಿತ್ತು. ಒಳಗಿನ ಗುಂಪು ಒಮ್ಮೆಲೇ ಹೊರನುಗ್ಗಿತು. ಉಂಡವರು ಕೈತೊಳೆದು ಚೀಲ ಹುಡುಕುತ್ತ ಒಳಗೆ ಬರತೊಡಗಿದರು. ಒಳಗಿದ್ದವರು ಗಾಳಿಗೆಂದು ಹೊರಗೆ ಹೊರಟರು. ನಾಗವೇಣಿ ಬೇಗ ಉಂಡು ಬಾಗಿಲ ಪಕ್ಕದ ಕಂಬಕ್ಕೆ ಒರಗಿ ಆ ಹೋಗಿಬರುವವರನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಏನೋ ಹೊತ್ತಿಕೊಂಡಿತು. ಅದನ್ನು ಬೇರೆ ಯಾವ ಮಾತಿನಲ್ಲಿ ಹೇಳುವುದೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅವಳು ನನ್ನ ಹತ್ತಿರ ಓಡಿಬಂದಳು. "ಮೇಡಂ! ಯಾರೂ ಹೇಳೂದೇ ಬೇಡ!"

"ಎಂತದು?"

"ಯಾರೂ ಹೇಳೂದು ಬೇಡ ಮೇಡಂ. ಅದು ತನ್ನಷ್ಟಕ್ಕೇ ಆಗ್ತದೆ. ನೋಡಿ, ಈಗ ತೋರಿಸ್ತೆ."

ಹೀಗೆಂದವಳೇ ನಮ್ಮ ಸಿದ್ದಾಪುರದ ಮಕ್ಕಳನ್ನೆಲ್ಲ ಸಭಾಂಗಣದೊಳಗೆ ಬಾಗಿಲ ಬಳಿ ಕೂಡಿಸಿದಳು. ಅಂಗಳದ ಬದಿ ಖಾಲಿ ಮಾಡಿಸಿದಳು. "ನಾನು ಚಪ್ಪಾಳೆ ಹೊಡೀತಾ ಹೋಗ್ತೆ. ಪ್ರತಿಯೊಬ್ಬರೂ ಸರಾಸರಿ ನಾಲ್ಕು ಚಪ್ಪಾಳೆಗೆ ಒಂದ್ಸಲ ಹೊಸ್ತಿಲು ದಾಟಿ, ಒಮ್ಮೆ ಬೇಗ, ಒಮ್ಮೆ ತಡ. ಯಾವ ಚಪ್ಪಾಳೆಗೆ ದಾಟುದು ಅಂತ ನಿಮ್ಮಿಷ್ಟ. ಆಚೆ ಎಷ್ಟು ಜನ ಇದ್ದಾರೆ, ಈಚೆ ಎಷ್ಟು ಜನ ಇದ್ದಾರೆ ಅಂತ ಯಾರೂ ನೋಡುದು ಬೇಡ. ಆಚೆ ಹೋದವರಿಗೂ ಇದೇ ನಿಯಮ, ತಿರುಗಿ ಬನ್ನಿ."

ಚಪ್ಪಾಳೆ ಶುರುವಾಯಿತು. ಮೊದಲು ಗುಂಪುಗುಂಪಾಗಿ ಹೊರಗೆ ಹೋದರು. ತಿರುಗಿ ಬರುವವರೇ ಇರಲಿಲ್ಲ, ಹೊರಗೆ ಜನ ಇದ್ದರಲ್ಲವೆ ಬರುವುದಕ್ಕೆ? ಅಂಗಳ ತುಂಬುತ್ತ ಬಂದಂತೆ ಬರುವವರು ಹೆಚ್ಚಾದರು, ಒಳಗೆ ಬರಿದಾದಂತೆ ಹೋಗುವವರು ಕಡಿಮೆಯಾದರು. ಸ್ವಲ್ಪ ಹೊತ್ತಿನಲ್ಲಿ ಪ್ರತಿ ಚಪ್ಪಾಳೆಗೂ ಹೋಗುವವರೆಷ್ಟೋ ಬರುವವರೂ ಹೆಚ್ಚುಕಡಿಮೆ ಅಷ್ಟೇ. ಒಳಗೂ ಹೊರಗೂ ಜನ ಸಮಸಮ. ಅದಾದ ಮೇಲೆ ಎಷ್ಟು ಚಪ್ಪಾಳೆ ಹೊಡೆದರೂ ಒಂದಿಬ್ಬರು ಆಚೀಚೆಯಾದರೇ ಹೊರತು ಲೆಕ್ಕ ಕದಲಲಿಲ್ಲ, ಕಾಲುಗಳು ಮಾತ್ರ ನಿಲ್ಲಲಿಲ್ಲ.

"ಈಗ ಹೇಳಿ," ಎಂದಳು ನಾಗವೇಣಿ, ಮೆಟ್ಟಿಲ ಮೇಲೆ ನಿಂತು, ಸುತ್ತ ಸೇರಿದ ಶಿರಸಿಯ ಮಕ್ಕಳಿಗೆ. "ಯಾರಾದ್ರೂ ಲೆಕ್ಕ ಇಟ್ರಾ? ಯಾರಾದ್ರೂ ಇವ್ರಿಗೆ ಸಾಕು ಅಂದ್ರಾ? ಇಲ್ಲ. ಒಂದು ಕಡೆ ಜನ ಹೆಚ್ಚಿದ್ರೆ ಅಲ್ಲಿಂದ ಹೊರಡುವವ್ರೂ ಹೆಚ್ಚು, ಅಷ್ಟೇ. ಅದೇ ಸಮ ಮಾಡ್ತದೆ. ನಿಂತಂಗೆ ಕಾಣ್ತದೆ, ನಿಂತಿಲ್ಲ."

ಬೆಳಿಗ್ಗೆ ಮುಂದಿನ ಸಾಲಿನಲ್ಲಿ ನಕ್ಕಿದ್ದ ಒಬ್ಬ ಹುಡುಗ ಜನರನ್ನು ಸರಿಸಿಕೊಂಡು ಮುಂದೆ ಬಂದ. "ಹಂಗಾರೆ ಒಂದು ಕಡೆಗೆ ಪದಾರ್ಥ ಹೆಚ್ಚು ಸೇರಿಸಿದ್ರೆ ಎಂತ ಆಗ್ತು?" ಎಂದು ಕೇಳಿದ. ಈಗ ಅವನ ದನಿಯಲ್ಲಿ ಅಣಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

ಇಂಥ ಸಮಯಗಳು ಬಾಳಿನಲ್ಲಿ ಬರುತ್ತವೆ, ಗೆಳೆಯರೇ, ಬೇಡಿಕೊಳ್ಳದೆ ಬಂದ ಪವಾಡದ ಹಾಗೆ. ಕೆಟ್ಟು ನಿಂತಿದ್ದ ಯಲ್ಲಾಪುರದ ಬಸ್ಸು ಅಷ್ಟು ಹೊತ್ತಿಗೆ ಸರಿಯಾಗಿ ಬಂದು ಮುಟ್ಟಿತ್ತು. ಮಾಗೋಡು ಕಡೆಯ ಹಳ್ಳಿಗಳಿಂದ ಕತ್ತಲಲ್ಲೇ ಹೊರಟು, ಹಸಿದು ದಣಿದ ಮಕ್ಕಳು ಸಭಾಂಗಣದ ಮುಂಬಾಗಿಲಿನಿಂದ ಒಳಗೆ ತುಂಬಿಕೊಂಡರು. "ಬನ್ನಿ ಬನ್ನಿ, ನೀವೂ ಸೇರಿ, ಊಟ ಆಚೆ ಬದಿಗೇ ಉಂಟು!" ಎಂದು ನಾಗವೇಣಿ ಕೂಗಿದಳು. ನಿಯಮ ಹೇಳಿ ಮತ್ತೆ ಚಪ್ಪಾಳೆ ಹೊಡೆದಳು. ಒಳಗೆ ಜನ ಹೆಚ್ಚಾದದ್ದೇ ಹೊರಹರಿವು ಉಕ್ಕಿತು, ಅಂಗಳ ತುಂಬಿತು, ಅಲ್ಲಿಂದ ಬರುವವರೂ ಹೆಚ್ಚಿದರು, ಮತ್ತೆ ಹೊಸದೊಂದು ಸಮ. ಹುಡುಗನಿಗೆ ಉತ್ತರ ಸಿಕ್ಕಿತು. ಹಲಗೆಯಿಲ್ಲ, ಸುಣ್ಣದ ಕಡ್ಡಿಯಿಲ್ಲ.

ಆದರೆ ಅಷ್ಟು ಜನಕ್ಕೆ ಒಂದು ಕದದ ಬಾಗಿಲು ಸಾಲದೆ ನೂಕುನುಗ್ಗಲಾಯಿತು. ಆಗ ಗುಂಪಿನ ಹಿಂದೆ ಕೈಕಟ್ಟಿ ನಿಂತಿದ್ದ ಪ್ರಾಧ್ಯಾಪಕರು ಮುಂದೆ ಬಂದರು. ಅಗುಳಿ ತೆಗೆದು ಮುಚ್ಚಿದ್ದ ಇನ್ನೊಂದು ಕದವನ್ನೂ ತೆರೆದರು. ಹೋಗುವವರೂ ಸಲೀಸಾಗಿ ಹೋದರು, ಬರುವವರೂ ಸಲೀಸಾಗಿ ಬಂದರು. ಒಳಗಿನ ಲೆಕ್ಕ, ಹೊರಗಿನ ಲೆಕ್ಕ ಇದ್ದ ಹಾಗೇ ಉಳಿಯಿತು.

"ನಾ ಯಾರು, ಹೇಳವಾ ತಂಗಿ?" ಎಂದರು ಅವರು.

ನಾಗವೇಣಿ ಕಣ್ಣು ಮಿಟುಕಿಸಲಿಲ್ಲ. "ಕ್ಯಾಟಲಿಸ್ಟ್ ಸರ್! ಎರಡೂ ಕಡೆ ವೇಗ ಹೆಚ್ಚು ಮಾಡಿದ್ರಿ, ಸಮತೋಲನ ಬದಲು ಮಾಡ್ಲಿಲ್ಲ!"

ಎದ್ದ ಗದ್ದಲವನ್ನು ಏನೆಂದು ಬಣ್ಣಿಸಲಿ! ಮೂರು ತಾಲೂಕಿನ ಮಕ್ಕಳು ಒಂದೇ ಬಾರಿಗೆ ಚಪ್ಪಾಳೆ ತಟ್ಟಿದರು, ಈ ಸಲ ಹೊಸ್ತಿಲು ದಾಟುವುದಕ್ಕಲ್ಲ. ಪ್ರಾಧ್ಯಾಪಕರು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. "ಭಾಳ ವರ್ಷದಿಂದ ಇದನ್ನ ಕಲಿಸಿಕೋತ ಬಂದೇನಿ. ಇಷ್ಟು ಚಂದ ಎಂದೂ ನೋಡಿರಲಿಲ್ಲವ್ವಾ," ಎಂದರು. ಆಮೇಲೆ ಎಲ್ಲರ ಕಡೆ ಕೈಬೀಸಿ, "ಬರ್ರಿ, ಎಲ್ಲಾರೂ ಇಲ್ಲೇ ಬರ್ರಿ. ಒಳಗ ಬ್ಯಾಡ. ಯಾರ‍್ಯಾರಿಗೆ ಏನೇನು ಕೇಳೂದೈತಿ, ನಿಮ್ಮ ಮಾತಿನ್ಯಾಗ ಕೇಳ್ರಿ," ಎಂದು ಕರೆದರು. ಮಧ್ಯಾಹ್ನದ ಕಾರ್ಯಕ್ರಮ ಪೂರ್ತಿ ಆ ಅಂಗಳದ ಚಪ್ಪರದಲ್ಲೇ ನಡೆಯಿತು. ಕೇಳಿದವರಲ್ಲಿ ಹವಿಗನ್ನಡದವರಿದ್ದರು, ಕೊಂಕಣಿ ಬೆರೆಸಿದವರಿದ್ದರು, ಮುಂಡಗೋಡದ ದಾರಿಯ ಗಡಸು ಕನ್ನಡದವರಿದ್ದರು. ಒಬ್ಬಳು ಕೇಳಿದ್ದಕ್ಕೆ ಇನ್ನೊಬ್ಬ ಉತ್ತರ ಹೇಳುತ್ತಿದ್ದ, ಅವನು ತಡವರಿಸಿದರೆ ಮೂರನೆಯವಳು ಕೈಹಿಡಿಯುತ್ತಿದ್ದಳು. ಯಾರಿಗೂ ಆಗದಿದ್ದರೆ ಮಾತ್ರ ಹಿರಿಯರು ಬಾಯಿ ತೆರೆಯುತ್ತಿದ್ದರು.

ಸಂಜೆ ಸಿದ್ದಾಪುರದ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಪ್ರಿನ್ಸಿಪಾಲರೂ ನಾನೂ ಕಂಬಿ ಹಿಡಿದು ನಿಂತಿದ್ದೆವು. ಒಂದು ಕಡೆ ಒಂದಷ್ಟು ಜನ ಇಳಿದು ಅಷ್ಟೇ ಜನ ಹತ್ತಿದಾಗ ಪ್ರಿನ್ಸಿಪಾಲರು ಒಮ್ಮೆಲೇ ನಗತೊಡಗಿದರು. "ಮೇಡಂ," ಎಂದರು, "ಶನಿವಾರ ಒಂದ ಯಾಕ? ಬುಧವಾರನೂ ಒಂದು ತಾಸು ಇಟ್ಕೋರಿ. ಟೈಮ್‌ಟೇಬಲ್‌ನ್ಯಾಗ ನಾನ ಹಾಕಸತೇನಿ." ರಿಜಲ್ಟಿಗೆ ಅವರು ಕಾಯಲಿಲ್ಲ.

ರಿಜಲ್ಟೂ ಬಂತು. ರಸಾಯನಶಾಸ್ತ್ರದಲ್ಲಿ ನಮ್ಮ ಕಾಲೇಜಿಗೇ ನಾಗವೇಣಿ ಮೊದಲಾಗಿದ್ದಳು, ಮತ್ತು ಆ ವಿಷಯದಲ್ಲಿ ಆ ಸಲ ನಪಾಸಾದವರೇ ಇರಲಿಲ್ಲ. ಬೋರ್ಡಿನ ಮುಂದೆ ಹುಡುಗಿಯರು ಅವಳನ್ನು ಅಕ್ಷರಶಃ ಎತ್ತಿಕೊಂಡಿದ್ದರು. ಮಧ್ಯಾಹ್ನ ಈರಪ್ಪ ನಾಯ್ಕರು ಬಂದರು. ಈ ಸಲ ಬಾಗಿಲಲ್ಲಿ ನಿಲ್ಲದೆ ನೇರ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು, ಲ್ಯಾಬಿನ ಬಾಟಲಿಗಳನ್ನೆಲ್ಲ ಒಂದು ಸುತ್ತು ನೋಡಿದರು.

"ಕೇರೀಲಿ ಈಗ ನನ್ನ ಹೆಸರು ಹೋಯ್ತು ಮೇಡಂ," ಎಂದರು ಗಂಭೀರವಾಗಿ.

ನನಗೆ ಗಾಬರಿಯಾಯಿತು. "ಯಾಕೆ, ಏನಾಯಿತು?"

"ಎಲ್ಲರೂ ನಾಗವೇಣಿ ಅಪ್ಪ ಅಂತಲೇ ಕರೀತಾರೆ." ಹೇಳಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಬೆವರಿಗಂತೂ ಅಲ್ಲ. "ಈ ವರ್ಷ ನಮ್ಮ ಕೇರಿಯಿಂದ ಮೂರು ಹುಡುಗೀರು ಬತ್ತಾರೆ. ಸೈನ್ಸಿಗೇ."

ಉತ್ತರ ಹೇಳುವುದು ಮಾಸ್ತರರ ಕೆಲಸವೆಂದು ಲೋಕ ತಿಳಿದಿದೆ, ನಾನೂ ಸಂಬಳ ತೆಗೆದುಕೊಂಡದ್ದು ಅದಕ್ಕೇ. ಆದರೆ ಉತ್ತರ ಪುಸ್ತಕದಲ್ಲಿ ಹೇಗೂ ಇರುತ್ತದೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಪ್ರಶ್ನೆ ಮಾತ್ರ ಕೇಳುವ ಬಾಯಿಯಲ್ಲೇ ಇರಬೇಕು, ಅಲ್ಲಿ ಇಲ್ಲದಿದ್ದರೆ ಬೇರೆಲ್ಲೂ ಇರುವುದಿಲ್ಲ. ಎಷ್ಟೋ ಮಕ್ಕಳ ಬಾಯಿಂದ ಅದು ಹೊರಬರುವಾಗ ನಾನು ಎದುರಿಗಿದ್ದೆ. ಇಷ್ಟು ಸುಖ ಎಷ್ಟು ಜನಕ್ಕೆ ಸಿಕ್ಕೀತು, ನೀವೇ ಹೇಳಿ.

ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ ಒಮ್ಮೆ ನನ್ನನ್ನು ಪ್ರ್ಯಾಕ್ಟಿಕಲ್ ಪರೀಕ್ಷೆಯ ಹೊರ ಪರೀಕ್ಷಕಿಯಾಗಿ ಯಲ್ಲಾಪುರದ ಕಡೆಯ ಒಂದು ಕಾಲೇಜಿಗೆ ಕಳಿಸಿದರು. ಅಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ ನಾಗವೇಣಿ. ಬಿಳಿಯ ಕೋಟು ತೊಟ್ಟು, ಬ್ಯೂರೆಟ್ಟುಗಳ ನಡುವೆ ಓಡಾಡುತ್ತಿದ್ದ ಅವಳು ನನ್ನ ಕಾಲು ಮುಟ್ಟಲು ಬಗ್ಗಿದಾಗ ಬೇಡ ಎಂದು ತಡೆದು ಅಪ್ಪಿಕೊಂಡೆ. ಮಕ್ಕಳು ನೋಡುತ್ತಿದ್ದರು, ನೋಡಲಿ ಎಂದು ಇಬ್ಬರೂ ಬಿಟ್ಟೆವು.

ವೈವಾ ಶುರುವಾಯಿತು. ಒಬ್ಬೊಬ್ಬರಾಗಿ ಬಂದರು, ಕೇಳಿದ್ದಕ್ಕೆ ಹೇಳಿದರು, ಹೋದರು. ಕೊನೆಯವಳು ಗುಂಗುರು ಕೂದಲಿನ ಒಬ್ಬ ಸಣ್ಣ ಹುಡುಗಿ. ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿ ಮುಗಿಸಿದಳು. ಆಯಿತು, ಹೋಗಮ್ಮ ಎಂದೆ. ಅವಳು ಹೋಗಲಿಲ್ಲ.

"ಮೇಡಂ, ಆನೂ ಒಂದು ಕೇಳ್ಲನೆ?"

ಪರೀಕ್ಷೆಯ ದಿನ, ಗುರುತಿಲ್ಲದ ಪರೀಕ್ಷಕಿಯನ್ನು, ಮನೆಯ ಮಾತಿನಲ್ಲಿ! ನಾನು ನಾಗವೇಣಿಯ ಕಡೆ ನೋಡಿದೆ. ಅವಳು ಬೇಕೆಂದೇ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೇಳು ಎಂದೆ.

"ಎಲ್ಲಾ ಎಲೆಕ್ಟ್ರಾನೂ ಒಂದೇ ನಮನಿ ಇರ್ತು ಹೇಳಿ ಪುಸ್ತಕದಲ್ಲಿ ಇದ್ದು. ಎಲ್ಲಾದನ್ನೂ ಯಾರೂ ನೋಡಿದ್ವಿಲ್ಲೆ. ಮತ್ತೆ ಹೇಂಗೆ ಗೊತ್ತಾತು?"

ನನ್ನ ಇಡೀ ಸೇವೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಮೈತುಂಬ ಎಂಥದೋ ಹಬ್ಬದ ಸಂಭ್ರಮ. ಪೆನ್ನು ಕೆಳಗಿಟ್ಟು, ಎದುರಿನ ಸ್ಟೂಲನ್ನು ಅವಳ ಕಡೆ ಎಳೆದೆ.

"ನಂಗೂ ಗೊತ್ತಿಲ್ಲೆ ಕೂಸೆ," ಎಂದೆ. "ಬಾ, ಕೂತ್ಕ."